ಹೊಸ ಟಿವಿ, ಹಳೇ ಪ್ಲೇಯರ್, ಹನ್ನೊಂದನೇ ಪಾಠ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಮೇಸ್ತ್ರಿ ಮನೆಯಲ್ಲಿ ಮಾತಾಡಿದ್ದು ಕಡಿಮೆ. ಆ ಇಲಾಖೆಯನ್ನು ಪೂರ್ತಿ ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಅವಳಿಗೆ ಅದು ಹೊರೆಯೂ ಆಗಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು, ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಬೈಯಲು ಬಂದವರಿಗೆ ಒಂದಕ್ಕೆರಡು ಕೊಟ್ಟು, ಕಡೆಗೆ ಅವರೇ ನಗುತ್ತ ಮೆಟ್ಟಿಲಿಳಿಯುವಂತೆ ಮಾಡುತ್ತಿದ್ದ ಬಾಯಿ ಅದು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಮೇಸ್ತ್ರಿ ಬದುಕಿದ್ದು ಹೆಂಡತಿಯ ಬಾಯಿಯಿಂದ. ಮಗಳ ಮದುವೆ ಮಾತುಕತೆ, ಮನೆ ಬಾಡಿಗೆಯವರ ಜೊತೆ ಜಗಳ, ಎದುರುಮನೆಯವರ ಜೊತೆ ರಾಜಿ, ಎಲ್ಲವೂ ಅವಳದೇ.

ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಸಿದಳು. ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಬಲಗೈ ಬಲಗಾಲು ಸೋತವು. ಕಾಲು ಒಂದು ತಿಂಗಳಲ್ಲಿ ಕೋಲು ಹಿಡಿದು ನಡೆಯುವಷ್ಟು ಚೇತರಿಸಿತು, ಕೈ ಅರ್ಧಂಬರ್ಧ. ಮಾತು ಮಾತ್ರ ಹೋಯಿತು. ಪೂರ್ತಿ ಹೋಗಲಿಲ್ಲ, ಒಂದು ಪದ ಉಳಿಯಿತು: ಸೋಮವಾರ.

ನೀರು ಬೇಕೆಂದರೂ ಸೋಮವಾರ, ಫ್ಯಾನ್ ಹಾಕಿ ಎಂದರೂ ಸೋಮವಾರ, ಸಿಟ್ಟು ಬಂದರೆ ಮೂರು ಸಲ ಸೋಮವಾರ. ನೋಡಲು ಬಂದ ಅವಳ ಕಚೇರಿಯ ಗೆಳತಿ ಅಳುತ್ತಲೇ ನಕ್ಕುಬಿಟ್ಟಳು. "ಅಣ್ಣಾ, ಹದಿನೆಂಟು ವರ್ಷ ಬಂದೋರಿಗೆಲ್ಲ ಸೋಮವಾರ ಬನ್ನಿ, ಸೋಮವಾರ ಬನ್ನಿ ಅಂತಿದ್ಲು. ಅದೇ ಒಳಗೆ ಅಂಟ್ಕೊಂಡಿದೆ ನೋಡಿ."

ಕಾಯಿಲೆಯ ನಂತರ ಹೀಗೆ ಯಾವುದೋ ಒಂದು ಪದ ಉಳಿಯುವುದುಂಟು ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದರು. ವಾರಕ್ಕೊಮ್ಮೆ ಅವರ ಹತ್ತಿರ ಅಭ್ಯಾಸ. ಉಳಿದ ದಿನಗಳಿಗೆಂದು ಒಂದು ಡಿವಿಡಿ ಕೊಟ್ಟರು. ಅದರಲ್ಲಿ ನಲವತ್ತು ಪಾಠ. ಒಬ್ಬ ಟೀಚರ್ ಪರದೆ ತುಂಬ ಮುಖವಿಟ್ಟುಕೊಂಡು ಒಂದೊಂದೇ ಪದವನ್ನು ನಿಧಾನವಾಗಿ ಹೇಳುತ್ತಾಳೆ. ತುಟಿ ನೋಡಬೇಕು, ಕೇಳಬೇಕು, ಜೊತೆಗೇ ಹೇಳಬೇಕು.

ಮನೆಯಲ್ಲಿ ಹಳೆಯ ಡಿವಿಡಿ ಪ್ಲೇಯರ್ ಇತ್ತು. ಅದರ ರಿಮೋಟ್ ಎಂದೋ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಟಿವಿಯೂ ಹಳೆಯದೇ, ಹಿಂದೆ ಗೂನು ಇರುವ ಭಾರದ ಪೆಟ್ಟಿಗೆ. ಅದರ ಸ್ಪೀಕರ್ ಗೊರಗೊರ ಅನ್ನತೊಡಗಿದ ಮೇಲೆ ಮೇಸ್ತ್ರಿಯೇ ಪ್ಲೇಯರಿನ ಧ್ವನಿಯ ಎರಡು ವೈರು, ಕೆಂಪು ಮತ್ತು ಬಿಳಿಯದನ್ನು, ಬೇರೆ ಸ್ಪೀಕರ್ ಪೆಟ್ಟಿಗೆಗೆ ಎಳೆದಿದ್ದ. ಚಿತ್ರದ ಹಳದಿ ವೈರು ಮಾತ್ರ ಟಿವಿಗೆ.

ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕುರ್ಚಿಯಲ್ಲಿ, ಇವನು ಪ್ಲೇಯರಿನ ಪಕ್ಕ ನೆಲದ ಮೇಲೆ. ಅವಳು ಎಡಗೈ ಎತ್ತಿದರೆ ಮತ್ತೊಮ್ಮೆ ಎಂದರ್ಥ. ಇವನು ಬಟನ್ ಒತ್ತಿ ಹಿಂದಕ್ಕೆ ಓಡಿಸುತ್ತಿದ್ದ. ಕೆಲವು ಪದಕ್ಕೆ ಮೂವತ್ತು ಸಲ ಕೈ ಏಳುತ್ತಿತ್ತು. ನಾಲ್ಕು ತಿಂಗಳಲ್ಲಿ 'ನೀರು', 'ಹಾಲು', 'ಬೇಡ', 'ಮನೆ' ಬಂದವು. ಹತ್ತು ಪಾಠ ಮುಗಿಯಿತು. ಹನ್ನೊಂದನೆಯದು ಎರಡು ಪದ ಸೇರಿಸಿ ಹೇಳುವುದು: ಬಾಗಿಲು ಹಾಕು, ಬಟ್ಟೆ ಮಡಿಸು, ಪುಸ್ತಕ ಕೊಡು.

ಅಷ್ಟರಲ್ಲಿ ಹೊಸ ಟಿವಿ ಬಂತು.

ಮಗಳು ಎರಡು ಬೀದಿ ಆಚೆ ಇದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬಂದಾಗಲೆಲ್ಲ ಹಳೆ ಟಿವಿಯ ಕೆಂಪು ತಿರುಗಿದ ಚಿತ್ರ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. "ಅಪ್ಪ, ಆ ಟೀಚರ್ ತುಟಿ ಎಲ್ಲಿದೆ ಅಂತ ಹುಡುಕ್ಬೇಕು. ಅಮ್ಮ ಏನು ನೋಡಿ ಕಲೀಬೇಕು?" ಒಂದು ಭಾನುವಾರ ಅವಳೂ ಅಳಿಯನೂ ಅಂಗಡಿಯ ಫಿಟ್ಟರನ್ನೇ ಕರೆದುಕೊಂಡು ಬಂದರು. ಗೋಡೆಯ ಅರ್ಧಕ್ಕೆ ಬರುವ ಹೈ ಡೆಫಿನಿಷನ್ ಟಿವಿ. ಹಳೆಯದನ್ನು ಬದಲಿಗೆ ಅಂಗಡಿಯವರೇ ಅಂದೇ ಹೊತ್ತುಕೊಂಡು ಹೋದರು.

ಫಿಟ್ಟರ್ ತಲೆ ನರೆತ, ಮಾತುಗಾರ ಮನುಷ್ಯ. ಪ್ಲೇಯರನ್ನು ನೋಡಿ ನಿಟ್ಟುಸಿರಿಟ್ಟ. "ಯಜಮಾನ್ರೇ, ಇಷ್ಟು ಚೆಂದದ ಟಿವಿಗೆ ಈ ಪ್ಲೇಯರ್ ಹಾಕೋದು ಅಂದ್ರೆ ಹೊಸ ಬಸ್ಸಿಗೆ ಹಳೇ ಟೈರ್ ಹಾಕಿದ ಹಾಗೆ."

"ಟೈರು ಚೆನ್ನಾಗಿದ್ರೆ ನಾವು ಹಾಕ್ತಿದ್ವಿ," ಅಂದ ಮೇಸ್ತ್ರಿ.

"ಮಾವ, ಹೊಸ ಪ್ಲೇಯರೂ ತಂದ್ಬಿಡೋಣ," ಎಂದ ಅಳಿಯ.

"ಓಡ್ತಿರೋ ಗಾಡೀನ ಯಾಕೆ ಬಿಚ್ಚೋದು? ಬೇಡ, ಇರ್ಲಿ ಬಿಡಿ."

ಫಿಟ್ಟರ್ ಹಳದಿ ವೈರನ್ನು ಹೊಸ ಟಿವಿಗೆ ಚುಚ್ಚಿದ. ಕೆಂಪು ಬಿಳಿ ವೈರುಗಳು ಸ್ಪೀಕರ್ ಪೆಟ್ಟಿಗೆಯಲ್ಲೇ ಉಳಿದವು. ಟೀಚರಿನ ಮುಖ ಮೊದಲು ಕುಂಬಳಕಾಯಿಯಂತೆ ಅಗಲವಾಗಿ ಬಂತು. ಫಿಟ್ಟರ್ ಏನೋ ಒತ್ತಿ ಅದನ್ನು ಸಣ್ಣಗೆ ಮಾಡಿದ. ಸ್ವಲ್ಪ ಮಸುಕು, ಆದರೆ ದೊಡ್ಡದು. ಹೆಂಡತಿ ಎಡಗೈಯನ್ನು ಎದೆಯ ಮೇಲಿಟ್ಟು ಮಗಳನ್ನು ನೋಡಿ ನಕ್ಕಳು.

ಸೋಮವಾರ ಬೆಳಿಗ್ಗೆ ಪಾಠ ಶುರುವಾಯಿತು. ಶುರುವಾದಲ್ಲೇ ಕೈಕೊಟ್ಟಿತು.

'ಬಾಗಿಲು' ಅವಳಿಗೆ ಆಗಲೇ ಬರುತ್ತಿತ್ತು. ಅಂದು ಬಾಯಿ ತೆರೆದವಳು ತಡವರಿಸಿದಳು, ನಿಲ್ಲಿಸಿದಳು, ಕೈ ಎತ್ತಿದಳು. ಮತ್ತೆ ಹಾಕಿದ. ಮತ್ತೆ ತಡವರಿಕೆ. ಇಪ್ಪತ್ತನೇ ಸಲಕ್ಕೆ ಕಣ್ಣು ಮುಚ್ಚಿಕೊಂಡಳು. ಮೇಸ್ತ್ರಿಗೆ ರೇಗಿತು. "ಕಣ್ಣು ಬಿಟ್ಟು ನೋಡೇ. ಅಷ್ಟು ದೊಡ್ಡದಾಗಿ ತೋರಿಸ್ತಿದ್ದಾರಲ್ಲ!" ಅವಳು ಕಣ್ಣು ಬಿಟ್ಟಳು, ಪರದೆ ನೋಡಿದಳು, "ಸೋಮವಾರ," ಎಂದಳು. ಬಂದ ಪದವೂ ಹೋಯಿತು.

ಮಂಗಳವಾರ, ಬುಧವಾರ ಅದೇ ಕತೆ. ಗುರುವಾರ ಮಡಿಲಲ್ಲಿದ್ದ ಟವೆಲನ್ನು ಟಿವಿಯ ಮೇಲೆ ಎಸೆದಳು. ಶುಕ್ರವಾರ ಕುರ್ಚಿಯಲ್ಲಿ ಕೂರಲೇ ಒಪ್ಪಲಿಲ್ಲ. ಕಾಯಿಲೆ ಮರುಕಳಿಸಿತೋ, ಹಟವೋ, ಬೇಜಾರೋ, ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಕೇಳೋಣವೆಂದರೆ ಹೇಳಬೇಕಾದ ಬಾಯಿಗೇ ಬೀಗ.

ಸಂಜೆ ಬಂದ ಮಗಳು ವಿಷಯ ಕೇಳಿ ಮುಖ ಸಣ್ಣ ಮಾಡಿಕೊಂಡಳು. "ನಾನು ಟಿವಿ ತಂದಿದ್ದೇ ತಪ್ಪಾಯ್ತಾ ಅಪ್ಪ?"

"ನಾನೆಲ್ಲಿ ಹಾಗಂದೆ?"

"ಬಾಯಲ್ಲಿ ಅನ್ಲಿಲ್ಲ. ಮುಖದಲ್ಲಿ ಬರ್ದಿದೆ."

"ತಪ್ಪು ಟಿವೀದಲ್ಲ, ಪ್ಲೇಯರಿಂದು," ಎಂದು ಅಳಿಯ ನಡುವೆ ಬಂದ. "ಚಿತ್ರ ಮಸುಕು. ಅತ್ತೆಗೆ ಕಾಣ್ತಿಲ್ಲ. ಹೊಸದು ಹಾಕಿದ್ರೆ ಎಲ್ಲ ಸರಿಹೋಗುತ್ತೆ."

"ಹಳೇ ಟಿವೀಲಿ ಇದಕ್ಕಿಂತ ಮಸುಕಿತ್ತು, ಕಲೀತಿದ್ಲು! ಈ ಪ್ಲೇಯರ್ ಏನು ಪಾಪ ಮಾಡಿತ್ತು?"

ಒಳಕೋಣೆಯಿಂದ ಕೋಲಿನ ಸದ್ದು ಬಂತು. ಹೆಂಡತಿ ಬಾಗಿಲಲ್ಲಿ ನಿಂತು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಬೇಡ," ಎಂದಳು. ಏನು ಬೇಡ, ಜಗಳವೋ, ಟಿವಿಯೋ, ಪ್ಲೇಯರೋ? ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಂದು ಚಹಾ ಕುಡಿಯದೆಯೇ ಮಗಳು ಅಳಿಯ ಎದ್ದು ಹೋದರು.

ಮರುದಿನ ಆಸ್ಪತ್ರೆಯ ಸರದಿ. ಮೇಸ್ತ್ರಿ ಹೇಳಿದ್ದೆಲ್ಲ ಕೇಳಿ ಮೇಡಂ ಎದುರು ಕೂತು, "ಬಾಗಿಲು ಹಾಕು, ಹೇಳಿ ನೋಡೋಣ," ಎಂದರು. ಹೆಂಡತಿ ಅವರ ತುಟಿ ನೋಡಿದಳು. "ಬಾ...ಗಿಲು. ಹಾ...ಕು." ಮೂರು ಸಲ ಕೇಳಿದರು, ಮೂರು ಸಲವೂ ಹೇಳಿದಳು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ಕೂತ.

"ನೀವು ಸುಮ್ನೆ ಹೆದರಿಸಿಬಿಟ್ರಿ ನನ್ನ," ಎಂದರು ಮೇಡಂ. "ಚೆನ್ನಾಗೇ ಇದ್ದಾರಲ್ಲ."

"ಮನೇಲಿ ಬರಲ್ಲ ಡಾಕ್ಟ್ರೇ. ದೇವರಾಣೆ ಬರಲ್ಲ."

"ಡಾಕ್ಟರ್ ಅನ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ. ಮನೇಲಿ ಏನು ಬದಲಾಯ್ತು?"

"ಏನೂ ಇಲ್ಲ. ಟಿವಿ ಹೊಸದು ಬಂತು, ಅಷ್ಟೇ."

"ಒಂದು ಸಲ ನೀವೇ ಅವರ ಕುರ್ಚೀಲಿ ಕೂತು ಪಾಠ ಮಾಡಿ ನೋಡಿ," ಎಂದರು ಮೇಡಂ.

ಮನೆಗೆ ಬಂದು ಅವಳನ್ನು ಮಲಗಿಸಿ ಮೇಸ್ತ್ರಿ ಹಾಗೇ ಮಾಡಿದ. ಇಷ್ಟು ತಿಂಗಳು ಅವನು ಕೂರುತ್ತಿದ್ದದ್ದು ಪ್ಲೇಯರಿನ ಪಕ್ಕ, ಕಣ್ಣು ಬಟನ್ನಿನ ಮೇಲೆ, ಇಲ್ಲವೇ ಹೆಂಡತಿಯ ಕೈಯ ಮೇಲೆ. ಟೀಚರಿನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ನೋಡಿದ. ಸ್ಪೀಕರ್ ಪೆಟ್ಟಿಗೆ "ಬಾಗಿಲು" ಎಂದಿತು. ಆಮೇಲೆ ಟೀಚರಿನ ತುಟಿ ಮುಚ್ಚಿತು.

ಹಿಂದಕ್ಕೆ ಓಡಿಸಿದ. ಬಾ ಎನ್ನಬೇಕಾದರೆ ತುಟಿ ಮೊದಲು ಮುಚ್ಚಿ ಆಮೇಲೆ ತೆರೆಯಬೇಕು. ಇಲ್ಲಿ ಸದ್ದು ಬಂದಾದ ಮೇಲೆ ತುಟಿ ಮುಚ್ಚುತ್ತಿತ್ತು. ಹೆಚ್ಚಿಲ್ಲ, ಕಣ್ಣು ರೆಪ್ಪೆ ಬಡಿಯುವಷ್ಟು. ತಾನೂ ಜೊತೆಗೆ ಹೇಳಲು ಹೋದ. ಕಿವಿಯ ಹಿಂದೆ ಹೋದರೆ ತುಟಿ ತಪ್ಪುತ್ತದೆ, ತುಟಿಯ ಹಿಂದೆ ಹೋದರೆ ಕಿವಿ ತಪ್ಪುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾಲ್ಕನೇ ಸಲಕ್ಕೆ ಹುಟ್ಟಿದಂದಿನಿಂದ ಮಾತಾಡಿಕೊಂಡು ಬಂದ ಅವನ ನಾಲಿಗೆಯೇ ಮುಗ್ಗರಿಸಿತು.

"ಟೈಮಿಂಗ್!" ಎಂದು ಮೇಸ್ತ್ರಿ ಖಾಲಿ ಕೋಣೆಯಲ್ಲಿ ಜೋರಾಗಿ ಹೇಳಿದ. ಡಿಪೋದಲ್ಲಿ ಎಂಜಿನ್ ಗದಗದ ನಡುಗಿದರೆ ಡ್ರೈವರುಗಳು ಸಾವಿರ ಕಾರಣ ಹೇಳುತ್ತಿದ್ದರು. ಇವನು ಬಾನೆಟ್ಟಿಗೆ ಕಿವಿಗೊಟ್ಟು, ಡೀಸೆಲ್ ಸಿಡಿಯುವ ಹೊತ್ತು ಕೂದಲೆಳೆಯಷ್ಟು ತಪ್ಪಿದೆ ಎಂದು ಹೇಳುತ್ತಿದ್ದ. ಅಂಥವನು ಮನೆಯೊಳಗಿನ ಎಂಜಿನ್ನಿಗೆ ಒಂದು ವಾರ ಕಿವುಡನಾಗಿದ್ದ. ಅವಳು ಕಣ್ಣು ಮುಚ್ಚಿಕೊಂಡದ್ದು ಹಟದಿಂದಲ್ಲ. ಸುಳ್ಳು ಹೇಳುವ ತುಟಿಯನ್ನು ನೋಡದೆ ಸದ್ದನ್ನಾದರೂ ಹಿಡಿಯೋಣವೆಂದು. ಅದನ್ನು ನೆನೆದು ಅವನಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಫಿಟ್ಟರಿಗೆ ಫೋನ್ ಮಾಡಿದ. ಆತ ತಡಮಾಡದೆ ವಿಷಯ ಬಿಡಿಸಿ ಹೇಳಿದ. "ಹೊಸ ಟಿವಿ ಚಿತ್ರಾನ ಬಂದ ಹಾಗೇ ತೋರ್ಸಲ್ಲ ಯಜಮಾನ್ರೇ. ಒಳಗೆ ತಗೊಂಡು, ದೊಡ್ಡದು ಮಾಡಿ, ತಿದ್ದಿ ತೀಡಿ ಆಮೇಲೆ ಬಿಡುತ್ತೆ. ಅಷ್ಟರಲ್ಲಿ ಒಂಚೂರು ಹೊತ್ತಾಗುತ್ತೆ. ನಿಮ್ಮ ಸ್ಪೀಕರಿಗೆ ಧ್ವನಿ ನೇರ ಹೋಗ್ತಿದೆ, ಕಾಯೋದೇ ಇಲ್ಲ. ಕೆಂಪು ಬಿಳೀನೂ ಟಿವಿಗೇ ಹಾಕಿ. ಎರಡನ್ನೂ ಅದೇ ಜೊತೆ ಮಾಡ್ಕೊಳ್ಳುತ್ತೆ. ಅವತ್ತೇ ನಾನು ನೋಡ್ಬೇಕಿತ್ತು."

ಎರಡು ವೈರು ಕಿತ್ತು ಎರಡು ತೂತಿಗೆ ಹಾಕುವ ಕೆಲಸ. ಮಗಳನ್ನು ಕರೆಸಿದ. ಹೆಂಡತಿಯನ್ನು ಬಲವಂತದಿಂದ ಕೂರಿಸಿ, "ಇದೊಂದು ಸಲ ನೋಡೇ. ಆಗದಿದ್ರೆ ಟವೆಲ್ ನನ್ನ ಮೇಲೇ ಎಸಿ," ಎಂದ.

ತುಟಿ ಮುಚ್ಚಿತು, ತೆರೆಯಿತು, ಸದ್ದು ಬಂತು. ಹೆಂಡತಿ ಮುಂದಕ್ಕೆ ಬಾಗಿದಳು. ಕೈ ಎತ್ತಿದಳು. ಮತ್ತೆ ಹಾಕಿದ. "ಬಾಗಿಲು... ಹಾಕು." ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಸ್ತ್ರಿ ಎದ್ದು ಹೋಗಿ ನಿಜವಾಗಿಯೂ ಬಾಗಿಲು ಹಾಕಿ ಬಂದ. ಹೆಂಡತಿ ನಕ್ಕ ನಗುವಿಗೆ ಕುರ್ಚಿ ಅಲ್ಲಾಡಿತು.

ಇಲ್ಲಿಗೆ ಮುಗಿಯಿತೆಂದು ಮೇಸ್ತ್ರಿ ತಿಳಿದ. ಅಳಿಯನ ಎದುರು ಮೀಸೆಯನ್ನೂ ತಿರುವಿದ. "ನೋಡಿದ್ರಾ? ಪ್ಲೇಯರ್ ಗಟ್ಟಿ ಆಸಾಮಿ. ಅದನ್ನ ಬಿಸಾಕ್ಬೇಕು ಅಂತಿದ್ರಿ." ಅಳಿಯ ಸೋಲೊಪ್ಪಿಕೊಂಡ. ಒಪ್ಪಿಕೊಳ್ಳದವಳು ಹೆಂಡತಿ. ಅವಳು ಆಗಾಗ ಕೋಲಿನ ತುದಿಯಿಂದ ಪ್ಲೇಯರನ್ನು ತೋರಿಸಿ "ಬೇಡ" ಎನ್ನುವಳು. "ಸರಿಹೋಯ್ತಲ್ಲೇ, ಇನ್ಯಾಕೆ ಅದರ ಮೇಲೆ ಕಣ್ಣು?" ಎಂದು ಇವನು ತಳ್ಳಿಹಾಕುವನು.

ಹತ್ತು ದಿನ ಕಳೆದಿರಬೇಕು. ಮೇಸ್ತ್ರಿ ಹಾಲು ತರಲು ಹೋದವನು ದಾರಿಯಲ್ಲಿ ಡಿಪೋದ ಹಳೆಯ ಗೆಳೆಯ ಸಿಕ್ಕು ಒಂದು ಗಂಟೆ ತಡಮಾಡಿದ. ಮನೆಗೆ ಬಂದರೆ ಹೆಂಡತಿ ನೆಲದ ಮೇಲಿದ್ದಳು. ಬಿದ್ದಿರಲಿಲ್ಲ. ಗೋಡೆ ಹಿಡಿದು ಜಾರಿಕೊಂಡು ಪ್ಲೇಯರಿನ ಮುಂದೆ ಕೂತಿದ್ದಳು. ಕೋಲು ದೂರ ಉರುಳಿತ್ತು. ಅಕ್ಕಿಕಾಳಿನಷ್ಟು ಸಣ್ಣ ಬಟನ್ನನ್ನು ಎಡಗೈ ಹೆಬ್ಬೆರಳಿನಿಂದ ಒತ್ತಲು ಹೋಗಿ ಡಿಸ್ಕಿನ ತಟ್ಟೆಯನ್ನೇ ಹೊರಗೆ ತೆಗೆದಿದ್ದಳು. ಅದನ್ನು ಒಳಗೆ ತಳ್ಳಲಾಗದೆ ಬೆವರಿದ್ದಳು.

ಮೇಸ್ತ್ರಿಯ ಹೆದರಿಕೆ ಬಾಯಿಗೆ ಬರುವಾಗ ಬೈಗುಳವಾಗಿ ಬಂತು. "ಬುದ್ಧಿ ಇದೆಯೇನೇ ನಿಂಗೆ? ಬಿದ್ದು ಸೊಂಟ ಮುರ್ಕೊಂಡಿದ್ರೆ? ನಾನು ಬರೋ ತನಕ ಕಾಯೋಕಾಗ್ತಿರ್ಲಿಲ್ವಾ? ನಾನಿರೋದು ಯಾಕೆ ಮತ್ತೆ?"

ಅವಳು ತಲೆಯೆತ್ತಿದಳು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು. 'ಸೋಮವಾರ' ಬರುತ್ತದೆ ಎಂದು ಮೇಸ್ತ್ರಿ ಕಾದ.

"ನಾ...ನೇ," ಎಂದಳು. ಮತ್ತೆ ಉಸಿರು ಎಳೆದುಕೊಂಡು, ಎಡಗೈಯಿಂದ ಎದೆ ತಟ್ಟಿಕೊಂಡು, "ನಾನೇ."

ಆ ಪದ ಯಾವ ಪಾಠದಲ್ಲೂ ಇರಲಿಲ್ಲ.

ಮೇಸ್ತ್ರಿ ಹಾಲಿನ ಪಾತ್ರೆಯನ್ನು ಪಕ್ಕಕ್ಕಿಟ್ಟು ಅವಳ ಜೊತೆ ನೆಲದ ಮೇಲೇ ಕೂತ. ಏನು ಬೇಡವೆಂದು ಅವಳು ಇಷ್ಟು ದಿನ ಹೇಳುತ್ತಿದ್ದಳೆಂದು ಈಗ ತಲೆಗೆ ಹತ್ತಿತು. ಅವಳಿಗೆ ಪ್ಲೇಯರಿನ ಮೇಲೆ ದ್ವೇಷವಿರಲಿಲ್ಲ. ಒಂದು ಪದ ಮತ್ತೊಮ್ಮೆ ಕೇಳಲು ಕೈ ಎತ್ತಬೇಕು, ಎತ್ತಿ ಕಾಯಬೇಕು, ಗಂಡ ಹಾಲಿಗೆ ಹೋದರೆ ಬಾಯಿ ತೆರೆದು ನಿಂತ ಟೀಚರಿನ ಮುಖ ನೋಡುತ್ತ ಕೂರಬೇಕು. ಅದು ಸಾಕಾಗಿತ್ತು. ಪ್ರಾಮಾಣಿಕವಾಗಿ ನೋಡಿಕೊಂಡರೆ ಅವನಿಗೆ ಇನ್ನೊಂದೂ ಕಂಡಿತು. ನಿವೃತ್ತಿಯ ಮೇಲೆ ಯಾರಿಗೂ ಬೇಡವಾಗಿದ್ದ ಅವನ ಕೈಗಳಿಗೆ ದಿನಕ್ಕೆ ಎರಡು ಗಂಟೆ ಕೆಲಸ ಕೊಟ್ಟಿದ್ದು ಆ ಬಟನ್. ಹೊಸ ಪ್ಲೇಯರ್ ಬಂದರೆ ರಿಮೋಟ್ ಬರುತ್ತದೆ. ರಿಮೋಟ್ ಬಂದರೆ ಇವನೇಕೆ? ಓಡುವ ಗಾಡಿಯ ನೆಪ ಹೇಳಿದ್ದು ಅದಕ್ಕೇ ಇರಬೇಕು.

"ಆಯ್ತು ಕಣೇ," ಎಂದ. "ನೀನೇ."

ಮರುದಿನ ಇಬ್ಬರೂ ಆಟೋದಲ್ಲಿ ಅಂಗಡಿಗೆ ಹೋದರು. ಅಲ್ಲಿನ ಮಾರಾಟದ ಹೆಂಗಸು ಉತ್ಸಾಹದಿಂದ ಬಂದು ಬ್ಲೂ-ರೇ, ಹೈ ಡೆಫಿನಿಷನ್, ಒಂದೇ ಕೇಬಲ್ಲಿನಲ್ಲಿ ಚಿತ್ರ ಧ್ವನಿ ಎರಡೂ ಎಂದು ಶುರುಮಾಡಿದಳು.

"ಅದೆಲ್ಲ ಆಮೇಲೆ ತಾಯಿ. ಮೊದಲು ರಿಮೋಟ್ ತೋರ್ಸಿ."

"ರಿಮೋಟಾ? ಎಲ್ಲ ಒಂದೇ ಥರ ಇರುತ್ತೆ ಸಾರ್."

"ಒಂದೇ ಥರ ಇರಲ್ಲ. ಎಲ್ಲ ಹೊರಗಿಡಿ."

ಗಾಜಿನ ಮೇಜಿನ ಮೇಲೆ ಐದು ರಿಮೋಟ್ ಸಾಲಾಗಿ ಬಂದವು. ಹೆಂಡತಿ ಒಂದೊಂದನ್ನೇ ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿ ನೋಡಿದಳು. ಒಂದು ಜಾರಿತು. ಒಂದರ ಬಟನ್ ಗಟ್ಟಿ. ಮೂರನೆಯದನ್ನು ನೋಡಿದ ಕೂಡಲೇ "ಬೇಡ" ಎಂದಳು. ನಾಲ್ಕನೆಯದು ದಪ್ಪಗಿತ್ತು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುವ ಬಟನ್ ಅದರಲ್ಲಿ ಬೇರೆಯಾಗಿ, ದೊಡ್ಡದಾಗಿ, ಕೆಳಗಡೆ ಇತ್ತು. ಅದನ್ನು ಐದಾರು ಸಲ ಒತ್ತಿದಳು. "ಹೂಂ," ಎಂದಳು. ಅದರ ಪ್ಲೇಯರ್ ಯಾವುದೆಂದು ಆಮೇಲೆ ಹುಡುಕಿದರು. ಬ್ಲೂ-ರೇ ಅಲ್ಲ, ಸಾಧಾರಣದ್ದೇ, ಹಳೆ ಡಿಸ್ಕನ್ನು ಹೊಸ ಟಿವಿಗೆ ತಕ್ಕಷ್ಟು ತಿದ್ದಿ ಕೊಡುವಂಥದ್ದು.

ಅಳಿಯ ಹೇಳಿದ್ದೂ ಪೂರ್ತಿ ಸುಳ್ಳಾಗಿರಲಿಲ್ಲ. ಹೊಸ ಪ್ಲೇಯರಿನಲ್ಲಿ ಚಿತ್ರ ಒಂದು ಪಟ್ಟು ಹೆಚ್ಚು ತಿಳಿಯಾಯಿತು. ಟೀಚರಿನ ಹಲ್ಲು ಕಂಡಿತು, ಹಲ್ಲಿನ ಹಿಂದೆ ನಾಲಿಗೆಯ ತುದಿ ಕಂಡಿತು. ಹೆಂಡತಿಗೆ ಅಲ್ಲಿಯವರೆಗೆ 'ಒಳಗೆ' ಎಂಬುದು 'ಒಲಗೆ' ಆಗುತ್ತಿತ್ತು, 'ಬೆಳಕು' 'ಬೆಲಕು' ಆಗುತ್ತಿತ್ತು. ಈಗ ನಾಲಿಗೆ ಹಿಂದಕ್ಕೆ ಮಡಚುವುದನ್ನು ನೋಡಿ ನೋಡಿ, ಮೂರು ದಿನ ಬಾಯೊಳಗೆ ಬೆರಳಿಟ್ಟುಕೊಂಡು ತಡಕಾಡಿ, 'ಳ'ಕಾರ ಹಿಡಿದಳು. ಹಿಡಿದವಳು ಬಿಡಲಿಲ್ಲ. ಒಂದು ವಾರ ಮನೆಯಲ್ಲಿ ಎಲ್ಲವೂ ಒಳಗೆ, ಕೆಳಗೆ, ಬೆಳಗ್ಗೆ.

ಮೇಸ್ತ್ರಿಗೆ ಹತ್ತು ಗಂಟೆಯ ಹೊತ್ತು ಕಷ್ಟವಾಯಿತು. ಎರಡು ದಿನ ಅಭ್ಯಾಸಬಲದಿಂದ ನೆಲದ ಮೇಲೆ ಹೋಗಿ ಕೂತ. ಮೂರನೇ ದಿನ ಹೆಂಡತಿ ರಿಮೋಟಿನಿಂದ ಬಾಗಿಲು ತೋರಿಸಿ, "ಹೊ...ರಗೆ," ಎಂದಳು. ನೋಡುವವರಿದ್ದರೆ ತಪ್ಪು ಹೇಳಲು ಅವಳಿಗೆ ನಾಚಿಕೆ. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ, ಬೀದಿ ನೋಡಿದ, ಎದ್ದ, ಮತ್ತೆ ಕೂತ. ಎದುರುಮನೆಯಾತ ಕಿಕ್ ಹೊಡೆದು ಹೊಡೆದು ಸುಸ್ತಾಗಿ ಸ್ಕೂಟರನ್ನು ಒದೆಯುತ್ತಿದ್ದ. "ಒದ್ರೆ ಹತ್ತಲ್ಲ, ಇಲ್ಲಿ ತನ್ನಿ," ಎಂದು ಮೇಸ್ತ್ರಿ ಸ್ಪ್ಯಾನರ್ ಪೆಟ್ಟಿಗೆ ತೆಗೆದ. ಅದು ಸರಿಹೋದದ್ದು ಬೀದಿಗೆಲ್ಲ ಗೊತ್ತಾಯಿತು. ಆಮೇಲೆ ಬೆಳಿಗ್ಗೆ ಹೊತ್ತು ಮೆಟ್ಟಿಲ ಮುಂದೆ ಯಾವುದಾದರೊಂದು ಗಾಡಿ ಬಿಚ್ಚಿಕೊಂಡು ಬಿದ್ದಿರುವುದು ರೂಢಿಯಾಯಿತು.

ಮಗಳು ಮಧ್ಯಾಹ್ನ ಲ್ಯಾಬಿನಿಂದ ದಿನಾ ಫೋನ್ ಮಾಡುತ್ತಾಳೆ. ಊಟ ಆಯ್ತು, ಮಾತ್ರೆ ಆಯ್ತು, ಮಲಗಿದ್ದಾಳೆ ಎಂದು ಮೇಸ್ತ್ರಿ ವರದಿ ಒಪ್ಪಿಸುತ್ತಾನೆ. ಒಂದು ದಿನ ಅವನ ಎರಡೂ ಕೈ ಗ್ರೀಸಿನಲ್ಲಿದ್ದಾಗ ಒಳಗೆ ಫೋನ್ ಬಡಿದುಕೊಂಡಿತು. ಚಿಂದಿ ಬಟ್ಟೆ ಹುಡುಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು. ಕಟ್ ಆಯಿತೆಂದುಕೊಂಡ. ಆಗ ಕಿಟಕಿಯಿಂದ ಹೆಂಡತಿಯ ದನಿ ಕೇಳಿತು.

"ಹಲೋ... ಹೂಂ. ಊಟ... ಆಯ್ತು."

ಆ ಕಡೆಯಿಂದ ಮಗಳು ಅಳುತ್ತಿದ್ದಳೋ, ಮಾತಾಡುತ್ತಿದ್ದಳೋ.

"ಅಪ್ಪ... ಹೊರಗೆ. ಸ್ಕೂಟರ್." ಸ್ಕೂಟರಿಗೆ ಏನಾಗಿದೆಯೆಂದು ಮಗಳು ಕೇಳಿರಬೇಕು. "ಹೂಂ. ಚೆನ್ನಾಗಿತ್ತು. ಅಪ್ಪ... ಕೆ...ಡಿಸಿದ್ದಾರೆ."

ಮೇಸ್ತ್ರಿ ಒಳಗೆ ಹೋಗಲಿಲ್ಲ. ಸ್ಕೂಟರಿನ ಕೆಳಗೆ ಉರುಳಿ ಹೋಗಿದ್ದ ನಟ್ಟನ್ನು ಹುಡುಕುತ್ತ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಕೊಂಡೇ ಇದ್ದ.